ಹೊರಗಿನ ಏರ್ ಫಿಲ್ಟರ್ ಹಾಕಿಸಿದ ಮೇಲೆ ಬೈಕು ಕೈಕೊಟ್ಟರೆ: ಧೂಳಿನ ಸೀಮೆಯವರಿಗೊಂದು ದೋಷ ನಿವಾರಣೆ ಕೈಪಿಡಿ

ಹೊರಗಿನದು, ಅಂದರೆ ಬೈಕ್ ಕಂಪನಿಯದಲ್ಲದ ಹೊಸ ಏರ್ ಫಿಲ್ಟರ್ ಹಾಕಿಸಿದ ಮರುದಿನವೇ ಗಾಡಿ ಕೆಮ್ಮತೊಡಗಿದರೆ ಯಜಮಾನ ಬಯ್ಯುವುದು ಫಿಲ್ಟರನ್ನು, ಮೆಕ್ಯಾನಿಕ್ ತಿರುವುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂವನ್ನು. ಎರಡೂ ಅವಸರದ ಕೆಲಸ. ದಾವಣಗೆರೆಯ ನಮ್ಮ ಗ್ಯಾರೇಜಿಗೆ ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಬರುವ ಇಂಥ ಗಾಡಿಗಳಲ್ಲಿ ದೋಷ ಸಾಮಾನ್ಯವಾಗಿ ಫಿಲ್ಟರಿನ ಕಾಗದದಲ್ಲಿ ಇರುವುದಿಲ್ಲ. ಅದರ ಅಂಚಿನಲ್ಲಿ ಇರುತ್ತದೆ, ಅಂದರೆ ಅದು ತನ್ನ ಗಾಳಿ ಡಬ್ಬಿಯೊಳಗೆ ಕೂತ ರೀತಿಯಲ್ಲಿ.

ಕೆಮ್ಮುವ ಗಾಡಿಯ ಬಗ್ಗೆ ನನಗೆ ಅಷ್ಟು ಚಿಂತೆಯೂ ಇಲ್ಲ. ಅದು ಬಾಯಿಬಿಟ್ಟು ಹೇಳುತ್ತದೆ, ನೂರಿನ್ನೂರು ರೂಪಾಯಿಯಲ್ಲಿ ಸರಿಹೋಗುತ್ತದೆ. ಯಾವ ದೂರೂ ಇಲ್ಲದೆ ಚೆನ್ನಾಗಿ ಓಡುತ್ತಲೇ ಧೂಳು ನುಂಗುವ ಗಾಡಿಯೇ ಕೊನೆಗೆ ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ಖರ್ಚು ತರುವುದು. ಆದ್ದರಿಂದ ಕೆಳಗಿನ ಭಾಗಗಳಲ್ಲಿ ‘ಗಾಡಿಗೇನೂ ಆಗಿಲ್ಲ’ ಎಂಬ ಭಾಗವನ್ನು ಎಲ್ಲರೂ ಓದಿ, ನಿಮ್ಮ ಗಾಡಿಯಲ್ಲಿ ಯಾವ ಲಕ್ಷಣವೂ ಕಾಣದಿದ್ದರೂ ಸರಿ.

ಕೈ ಹಾಕುವ ಮುನ್ನ

ಎಂಜಿನ್ ತಣ್ಣಗಾಗಿರಲಿ. ಪೆಟ್ರೋಲ್ ಕಾಕ್ ಇರುವ ಗಾಡಿಯಾದರೆ ಅದನ್ನು ಮುಚ್ಚಿ. ಬೀಡಿ, ಸಿಗರೇಟು, ಊದುಬತ್ತಿ ಹತ್ತಿರ ಬೇಡ. ಎಂಜಿನ್ ಓಡಿಸಿ ನೋಡಬೇಕಾದ ಪರೀಕ್ಷೆಗಳನ್ನು ಬಯಲಿನಲ್ಲಿ ಮಾಡಿ. ಶಟರ್ ಎಳೆದ ಕೋಣೆಯಲ್ಲಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಯಾವ ವಾಸನೆಯನ್ನೂ ಕೊಡದೆ ಆಳನ್ನು ಕೆಡವುತ್ತದೆ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಗಾಡಿ ನಿಂತರೆ ರಸ್ತೆಯ ಅಂಚಿನಲ್ಲೇ ಕೂತು ಸೀಟು ಬಿಚ್ಚಬೇಡಿ, ಸರ್ವಿಸ್ ರಸ್ತೆಗೋ ಬಂಕಿಗೋ ತಳ್ಳಿಕೊಂಡು ಹೋಗಿ.

ಡಬ್ಬಿ ತೆರೆದ ಕೂಡಲೇ ಅಲ್ಲಿಂದ ಕಾರ್ಬ್ಯುರೇಟರಿನ ಕಡೆಗೆ ಹೋಗುವ ರಬ್ಬರ್ ಪೈಪಿನ ಬಾಯಿಗೆ ಒಂದು ಬಟ್ಟೆ ತುರುಕಬೇಕು, ವಾಷರ್ ಗೀಷರ್ ಒಳಗೆ ಬೀಳದ ಹಾಗೆ. ಆ ಬಟ್ಟೆ ಕೆಂಪೋ ಹಳದಿಯೋ ಆಗಿರಲಿ, ಅದರ ತುದಿ ಹೊರಗೆ ಜೋತಾಡುತ್ತಿರಲಿ. ಕಪ್ಪು ಬಟ್ಟೆಯನ್ನು ಒಳಗೇ ಮರೆತು ಸ್ಟಾರ್ಟ್ ಮಾಡಿದವರಿದ್ದಾರೆ. ಕೆಲಸ ಮುಗಿದ ಮೇಲೆ, ಸ್ಟಾರ್ಟ್ ಮಾಡುವ ಮೊದಲು ಎಕ್ಸಲರೇಟರ್ ತಿರುವಿ ಬಿಡಿ. ಅದು ಟಕ್ಕೆಂದು ತಾನಾಗಿ ಹಿಂದಕ್ಕೆ ಬರಬೇಕು. ಬರದಿದ್ದರೆ ಗಾಡಿ ರಸ್ತೆಗೆ ಇಳಿಯಬಾರದು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ

ಹಳೆಯ ಫಿಲ್ಟರನ್ನು ಎಸೆಯಬೇಡಿ. ಅದನ್ನೇ ಮತ್ತೆ ಹಾಕಿ, ಅದೇ ರಸ್ತೆಯಲ್ಲಿ, ಅದೇ ಗೇರಿನಲ್ಲಿ ಒಂದು ಸುತ್ತು ಓಡಿಸಿ. ತೊಂದರೆ ಹೋಯಿತೆಂದರೆ ಹೊಸ ಫಿಲ್ಟರಿನದೋ ಅದು ಕೂತ ರೀತಿಯದೋ ತಪ್ಪು. ಹೋಗಲಿಲ್ಲವೆಂದರೆ ಫಿಲ್ಟರ್ ನಿರಪರಾಧಿ: ಪ್ಲಗ್ ನೋಡಿ, ಪೆಟ್ರೋಲಿನಲ್ಲಿ ನೀರಿದೆಯೇ ನೋಡಿ, ಫಿಲ್ಟರ್ ಬದಲಿಸುವಾಗ ಕಳಚಿಕೊಂಡ ಪೈಪು ವೈರುಗಳನ್ನು ನೋಡಿ. ಕಾಸಿಲ್ಲದ ಪರೀಕ್ಷೆ ಇದು. ಆದರೂ ‘ಹಳೆಯದೇ ಬೇಡವೆಂದು ತಾನೇ ಹೊಸದು ತಂದಿದ್ದು’ ಎಂದು ಬಹಳ ಜನ ಇದನ್ನು ಮಾಡಲು ಒಪ್ಪುವುದಿಲ್ಲ.

ಐಡ್ಲಿಂಗ್ ಒಂದೇ ಸಮ ನಿಲ್ಲುತ್ತಿಲ್ಲ, ಎಕ್ಸಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಪಟಪಟ

ಇದು ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎನ್ನುವ ಲಕ್ಷಣ. ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಆ ಲೆಕ್ಕ ತಪ್ಪಿ ಗಾಳಿಯ ಪಾಲು ಏರಿದರೆ ಐಡ್ಲಿಂಗ್ ಏರಿಳಿಯುತ್ತದೆ, ಎಕ್ಸಲರೇಟರ್ ತಿರುವಿದ ಕ್ಷಣಕ್ಕೆ ಎಂಜಿನ್ ಒಮ್ಮೆ ತಡವರಿಸುತ್ತದೆ, ಹೆಚ್ಚು ಬಿಸಿಯೂ ಆಗುತ್ತದೆ.

ಕಾರ್ಬ್ಯುರೇಟರ್ ಗಾಡಿಯಾದರೆ ಅರ್ಧ ಚೋಕ್ ಎಳೆದು ನೋಡಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಏರಿಸುವ ಗುಬ್ಬಿ ಅದು. ಎಳೆದ ಕೂಡಲೇ ಎಂಜಿನ್ ಸಮಾಧಾನವಾಗಿ ಓಡಿದರೆ ರೋಗ ಗೊತ್ತಾಯಿತು. ಹಾಗೆಂದು ಚೋಕ್ ಎಳೆದುಕೊಂಡೇ ಊರೂರು ತಿರುಗಬೇಡಿ.

ಇನ್ನು ಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂಬುದನ್ನು ಹುಡುಕಬೇಕು. ಕಾರ್ಬ್ಯುರೇಟರಿಗೂ ಎಂಜಿನ್ನಿಗೂ ನಡುವಿನ ಜೋಡಣೆ ಮೊದಲ ಅನುಮಾನಿ. ಫಿಲ್ಟರಿನ ಡಬ್ಬಿಯನ್ನು ಅಲ್ಲಾಡಿಸಿ ಎಳೆದಾಡುವಾಗ ಕಾರ್ಬ್ಯುರೇಟರ್ ಕೂಡ ಅಲುಗುತ್ತದೆ. ಹತ್ತು ವರ್ಷ ಬಿಸಿಲುಂಡ ರಬ್ಬರ್ ಆಗಲೇ ಬಿರುಕು ಬಿಡುವುದು. ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು, ಹೂಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಆ ರಬ್ಬರಿನ ಸುತ್ತ ಸಣ್ಣಗೆ ನೀರು ಹೊಡೆಯಿರಿ. ಎಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಪ್ಲಗ್ ವೈರಿಗೆ ನೀರು ಬೀಳದಿರಲಿ. ಕೆಲವರು ಇದೇ ಪರೀಕ್ಷೆಯನ್ನು ಕಾರ್ಬ್ಯುರೇಟರ್ ತೊಳೆಯುವ ಸ್ಪ್ರೇಯಿಂದ ಮಾಡುತ್ತಾರೆ. ಬಿಸಿ ಎಂಜಿನ್ನಿನ ಮೇಲೆ ಅದು ಭಗ್ಗೆಂದು ಹೊತ್ತಿಕೊಳ್ಳುವ ವಸ್ತು, ಮನೆಯಲ್ಲಿ ಬೇಡವೇ ಬೇಡ.

ಜೋಡಣೆ ಗಟ್ಟಿಯಾಗಿದ್ದು, ನೀವು ಹಾಕಿಸಿದ್ದು ಡಬ್ಬಿಯನ್ನೇ ತೆಗೆದು ನೇರ ಸಿಕ್ಕಿಸುವ ಶಂಕುವಿನಾಕಾರದ ಫಿಲ್ಟರ್ ಆಗಿದ್ದರೆ ಕಾರಣ ಬೇರೆ. ಕಂಪನಿಯವರು ಡಬ್ಬಿಯ ಗಾತ್ರ, ಬಾಯಿ, ಪೈಪಿನ ಉದ್ದ ಎಲ್ಲವನ್ನೂ ಲೆಕ್ಕ ಹಾಕಿಯೇ ಜೆಟ್, ಅಂದರೆ ಪೆಟ್ರೋಲ್ ಹಾಯುವ ಅಳತೆಯ ತೂತು, ಕೂರಿಸಿರುತ್ತಾರೆ. ಅದರಲ್ಲೂ ನಿರ್ವಾತದಿಂದ ಡಯಾಫ್ರಾಮ್ ಮೇಲೇಳುವ ಕಾರ್ಬ್ಯುರೇಟರಿಗೆ, ಉದಾಹರಣೆಗೆ ಕಾರ್ಬ್ಯುರೇಟರ್ ಕಾಲದ ಯುಸಿಇ (ಎಂಜಿನ್ನೂ ಗೇರ್ ಬಾಕ್ಸೂ ಒಂದೇ ಕವಚದಲ್ಲಿರುವ) ಬುಲೆಟ್ 350ಕ್ಕೆ, ಡಬ್ಬಿಯೊಳಗಿನ ನಿಶ್ಚಲ ಗಾಳಿ ಬೇಕೇ ಬೇಕು. ಮೇನ್ ಜೆಟ್ ಒಂದೆರಡು ನಂಬರ್ ದೊಡ್ಡದು ಹಾಕಿಸಿ ಪ್ಲಗ್ಗಿನ ಬಣ್ಣ ನೋಡುತ್ತಾ ಹೊಂದಿಸಬೇಕಾಗುತ್ತದೆ. ಈಗ ಬಂಕುಗಳಲ್ಲಿ ಸಿಗುವ 20 ಪ್ರತಿಶತ ಎಥೆನಾಲ್ ಬೆರೆತ ಪೆಟ್ರೋಲ್ ಕೂಡ ಮಿಶ್ರಣವನ್ನು ಅದೇ ದಿಕ್ಕಿಗೆ ತಳ್ಳುತ್ತದೆ. ಎರಡೂ ಸೇರಿದರೆ ಹಳೆಯ ಗಾಡಿಗೆ ಹೊರೆಯಾಗುತ್ತದೆ. ಜೆಟ್ ಕೆಲಸ ಗೊತ್ತಿರುವ ಮೆಕ್ಯಾನಿಕ್ ಸಿಗದಿದ್ದರೆ ಡಬ್ಬಿಯನ್ನು ಮರಳಿ ಕೂರಿಸುವುದೇ ಜಾಣತನ.

ಪ್ಲಗ್ ಬಿಚ್ಚಿ ನೋಡಿದಾಗ ತುದಿಯ ಪಿಂಗಾಣಿ ತಿಳಿ ಕಂದು ಬಣ್ಣದಲ್ಲಿದ್ದರೆ ಕ್ಷೇಮ. ಸುಣ್ಣ ಬಳಿದಂತೆ ಬಿಳಿಚಿಕೊಂಡು, ಮೇಲೆ ಸಣ್ಣ ಗುಳ್ಳೆಗಳಿದ್ದರೆ ಓಡಿಸುವುದನ್ನು ನಿಲ್ಲಿಸಿ. ಮುಂದಿನದು ಪಿಸ್ಟನ್ ಹಿಡಿದುಕೊಳ್ಳುವ ಹಂತ.

ಪಿಕಪ್ ಇಲ್ಲ, ಮೈಲೇಜ್ ಇಳಿದಿದೆ, ಕಪ್ಪು ಹೊಗೆ

ಮೇಲಿನದಕ್ಕೆ ಇದು ತದ್ವಿರುದ್ಧ. ಗಾಳಿ ಸಾಲದೆ ಪೆಟ್ರೋಲ್ ಅರೆಬರೆ ಉರಿಯುತ್ತಿದೆ, ಪ್ಲಗ್ ಕಾಡಿಗೆಯಂತೆ ಒಣಗಿ ಕಪ್ಪಾಗಿರುತ್ತದೆ.

ಮೆಕ್ಕೆಜೋಳದ ಒಕ್ಕಣೆಯ ಕಾಲವಾದರೆ ಮೊದಲು ಡಬ್ಬಿ ತೆರೆದು ನೋಡಿ. ರಸ್ತೆಯ ಮೇಲೆ ಜೋಳ ಹರವಿ, ಪಕ್ಕದಲ್ಲೇ ಒಕ್ಕುವ ಯಂತ್ರ ಓಡುತ್ತಿರುವಾಗ ನಾಲ್ಕು ದಿನ ಆ ದಾರಿಯಲ್ಲಿ ಓಡಾಡಿದರೆ ಸಾಕು, ಹಗುರವಾದ ರವದಿ ಫಿಲ್ಟರಿನ ಮಡಿಕೆಗಳ ನಡುವೆ ಚಾಪೆಯಂತೆ ಕೂತಿರುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆಯ ಹೊಟ್ಟಿನ ಬೂದಿಯದೂ ಇದೇ ಸ್ವಭಾವ. ನೋಡಲು ಭಯಂಕರ, ನಿಜದಲ್ಲಿ ಅಷ್ಟು ಅಪಾಯವಿಲ್ಲ: ದಪ್ಪ ಕಸ ಹೊರಗೇ ನಿಲ್ಲುತ್ತದೆ. ಒಣ ಕಾಗದದ ಫಿಲ್ಟರನ್ನು ಅಂಗೈಗೆ ಮೆಲ್ಲಗೆ ತಟ್ಟಿದರೆ ಮುಕ್ಕಾಲು ಪಾಲು ಉದುರಿಹೋಗುತ್ತದೆ.

ಕಾಗದಕ್ಕೆ ಎಣ್ಣೆ ಹೀರಿಸಿರುವ, ಮುಟ್ಟಿದರೆ ಜಿಗುಟೆನಿಸುವ ಫಿಲ್ಟರ್ ಬೇರೆ ಜಾತಿ. ಅದನ್ನು ತಟ್ಟಲೂ ಬಾರದು, ಊದಲೂ ಬಾರದು, ತೊಳೆಯಲೂ ಬಾರದು. ಹಾಳಾದರೆ ಬದಲಿಸುವುದೇ. ಪಂಕ್ಚರ್ ಅಂಗಡಿಯ ಏರ್ ಗನ್ ಹಿಡಿದು ಅದರ ಎಣ್ಣೆಯನ್ನೆಲ್ಲ ಹಾರಿಸಿ, ‘ಈಗ ನೋಡಿ ಹೇಗೆ ಉಸಿರಾಡುತ್ತದೆ’ ಎನ್ನುವವರಿದ್ದಾರೆ. ಉಸಿರಾಡುವುದೇನೋ ನಿಜ, ಸೋಸುವುದು ನಿಂತಿರುತ್ತದೆ.

ತೊಳೆದು ಮತ್ತೆ ಬಳಸುವ ಹತ್ತಿಬಟ್ಟೆಯ ಫಿಲ್ಟರ್ ಹಾಕಿಸಿದವರು ಎಣ್ಣೆಯ ಅಳತೆ ನೋಡಿ. ಕೊಟ್ಟ ಬಾಟಲಿಯನ್ನು ಪೂರ್ತಿ ಸುರಿದರೆ ಎಣ್ಣೆ ಒಳಗೆ ಎಳೆದುಕೊಂಡು ಹೋಗಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ಹಿಡಿದು ಬಿಡುವ ಥ್ರಾಟಲ್ ಬಾಡಿಯ ತಟ್ಟೆಯ ಮೇಲೆ ಮಸಿ ಕಟ್ಟುತ್ತದೆ. ಬಟ್ಟೆಯ ಬಣ್ಣ ಎಲ್ಲೆಡೆ ಸಮನಾಗಿ ತಿಳಿಯಾಗಿ ಕಾಣಬೇಕು, ಒತ್ತಿದರೆ ಬೆರಳಿಗೆ ಹನಿ ಬರಬಾರದು. ಸ್ಪಂಜಿನ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಅದು ಸ್ಪಂಜಿನ ಅಂಟನ್ನು ಕರಗಿಸುತ್ತದೆ, ಒಂದು ಕಿಡಿ ಬಿದ್ದರೆ ಕೈಯನ್ನೂ ಸುಡುತ್ತದೆ. ಸೋಪಿನ ನೀರು ಸಾಕು. ಹಿಂಡುವಾಗ ಬಟ್ಟೆಯಂತೆ ತಿರುಚದೆ ಅಂಗೈಯಲ್ಲಿ ಅದುಮಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಫಿಲ್ಟರ್ ಎಣ್ಣೆ ಸವರಿ, ಹೆಚ್ಚಾದದ್ದನ್ನು ಅದುಮಿ ತೆಗೆಯಿರಿ.

ಇಷ್ಟಾದರೂ ಕಪ್ಪು ಹೊಗೆ ಹೋಗದಿದ್ದರೆ ಫಿಲ್ಟರಿನ ಪಾತ್ರ ಮುಗಿಯಿತು. ಕಾರ್ಬ್ಯುರೇಟರಿನ ಫ್ಲೋಟ್, ಚೋಕ್ ಸಿಕ್ಕಿಕೊಂಡಿರುವುದು, ಇಂಜೆಕ್ಟರ್ ಇವುಗಳನ್ನು ಮೆಕ್ಯಾನಿಕ್ ನೋಡಲಿ.

ಗಾಡಿಗೇನೂ ಆಗಿಲ್ಲ, ಚೆನ್ನಾಗಿಯೇ ಓಡುತ್ತಿದೆ

ಸೋರಿಕೆ ಕಾರ್ಬ್ಯುರೇಟರಿನ ಆಚೆ, ಎಂಜಿನ್ ಕಡೆ ಇದ್ದರೆ ಗಾಡಿ ಕೂಡಲೇ ತಕರಾರು ತೆಗೆಯುತ್ತದೆ. ಈಚೆ, ಫಿಲ್ಟರಿಗೂ ಕಾರ್ಬ್ಯುರೇಟರಿಗೂ ನಡುವೆ ಇದ್ದರೆ ಅಷ್ಟಾಗಿ ತಿಳಿಯುವುದೇ ಇಲ್ಲ. ನುಗ್ಗಿದ ಗಾಳಿಯೂ ಕಾರ್ಬ್ಯುರೇಟರಿನ ಮೂಲಕವೇ ಹೋಗುವುದರಿಂದ ಪೆಟ್ರೋಲಿನ ಲೆಕ್ಕ ಹೆಚ್ಚೂಕಡಿಮೆ ಸರಿಯಾಗಿಯೇ ಇರುತ್ತದೆ. ಎಂಜಿನ್ ಸದ್ದು ಅದೇ, ಮೈಲೇಜ್ ಅದೇ. ಒಳಗೆ ಹೋಗುವ ಗಾಳಿ ಮಾತ್ರ ಸೋಸದ ಗಾಳಿ.

ಎಷ್ಟು ಗಾಳಿ? ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 10,000 ಲೀಟರ್ ಗಾಳಿ ಬೇಕು. 150 ಸಿಸಿಯ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ 3000 ಸಲ ಗಾಳಿ ಎಳೆಯುತ್ತದೆ. ಹೊಳಲ್ಕೆರೆ, ಹೊಸದುರ್ಗ ಕಡೆ ಅದಿರಿನ ಲಾರಿಯ ಹಿಂದೆ, ಅಥವಾ ಚಿತ್ರದುರ್ಗದ ಸುತ್ತ ಜಲ್ಲಿ ಕ್ರಷರ್ ದಾಟಿ ಹೋಗುವಾಗ ಆ ಗಾಳಿಯಲ್ಲಿ ಇರುವುದು ರವದಿಯಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಲಿನ ಪುಡಿ. ಕಲ್ಲಿನೊಳಗಿನ ಬೆಣಚು ಸಿಲಿಂಡರಿನ ಕಬ್ಬಿಣಕ್ಕಿಂತ ಗಡುಸು. ಎಂಜಿನ್ ಆಯಿಲ್ ಜೊತೆ ಸೇರಿದರೆ ಅದು ಪಿಸ್ಟನ್ ರಿಂಗಿಗೆ ಮರಳು ಕಾಗದವಾಗುತ್ತದೆ.

ಆದ್ದರಿಂದ ಹೊಸ ಫಿಲ್ಟರ್ ಹಾಕಿಸಿ ವಾರ ಕಳೆದ ಮೇಲೆ ಈ ಒಂದು ಪರೀಕ್ಷೆ ಮಾಡಲೇಬೇಕು. ಫಿಲ್ಟರ್ ತೆಗೆಯುವ ಮೊದಲು ಅದರ ಸುತ್ತಲಿನ ಮಣ್ಣನ್ನು ಒರೆಸಿ, ಇಲ್ಲದಿದ್ದರೆ ನೀವೇ ಕೆಡವಿದ ಧೂಳು ನೋಡಿ ಮೋಸಹೋಗುತ್ತೀರಿ. ಬಿಳಿ ಬಟ್ಟೆಯನ್ನು ಬೆರಳಿಗೆ ಸುತ್ತಿ ರಬ್ಬರ್ ಪೈಪಿನ ಒಳಗೋಡೆಯನ್ನು ಒಂದು ಸುತ್ತು ಒರೆಸಿ. ಬಟ್ಟೆಗೆ ಎಣ್ಣೆಯ ಜಿಡ್ಡು ಮಾತ್ರ ಅಂಟಿದರೆ ಚಿಂತೆಯಿಲ್ಲ. ಎಂಜಿನ್ನಿನ ಉಸಿರು ಪೈಪಿನಿಂದ ಬರುವ ಆವಿ ಅದು. ಜಿಡ್ಡಿನೊಳಗೆ ಬೆರಳು ತಿಕ್ಕಿದರೆ ಗರಗರ ಎನ್ನುವ ಕಣಗಳಿದ್ದರೆ, ಅಥವಾ ಬಟ್ಟೆಯ ಮೇಲೆ ಕೆಮ್ಮಣ್ಣಿನ ಗೆರೆ ಮೂಡಿದರೆ ಧೂಳು ಒಳಗೆ ಹೋಗುತ್ತಿದೆ. ಡಬ್ಬಿಯೊಳಗೆ ಟಾರ್ಚು ಬಿಟ್ಟು ನೋಡಿದರೆ ಕಳ್ಳದಾರಿಯೂ ಕಾಣುತ್ತದೆ: ಫಿಲ್ಟರ್ ಕೂರುವ ಅಂಚಿನ ಒಂದು ಭಾಗದಲ್ಲಿ ಮಾತ್ರ, ಎಳೆಯ ಚಂದ್ರನ ಆಕಾರದಲ್ಲಿ, ಒಳಮುಖವಾಗಿ ಧೂಳು ಹರಡಿರುತ್ತದೆ. ಅಂಚು ಒತ್ತಿಕೊಳ್ಳದ ಜಾಗ ಅದೇ.

ಖಚಿತ ಮಾಡಿಕೊಳ್ಳಲು ಗ್ರೀಸ್ ಪರೀಕ್ಷೆ ಇದೆ. ಡಬ್ಬಿಯ ಅಂಚನ್ನು ಚೆನ್ನಾಗಿ ಒರೆಸಿ. ಫಿಲ್ಟರಿನ ರಬ್ಬರ್ ಅಂಚಿಗೆ ಬೆರಳ ತುದಿಯಲ್ಲಿ ತೆಳ್ಳಗೆ ಗ್ರೀಸ್ ಸವರಿ ಕೂರಿಸಿ, ಮುಚ್ಚಳದ ಸ್ಕ್ರೂಗಳನ್ನೆಲ್ಲ ಬಿಗಿದು, ಮತ್ತೆ ಬಿಚ್ಚಿ. ಡಬ್ಬಿಯ ಅಂಚಿನ ಮೇಲೆ ಗ್ರೀಸಿನ ಗುರುತು ಎಲ್ಲೂ ಕಡಿಯದೆ ಪೂರ್ತಿ ಸುತ್ತು ಮೂಡಬೇಕು. ಒಂದು ಬೆರಳಗಲ ಖಾಲಿ ಬಿಟ್ಟಿದ್ದರೂ ಆ ಫಿಲ್ಟರ್ ನಿಮ್ಮ ಗಾಡಿಯದಲ್ಲ, ಪ್ಯಾಕೆಟ್ಟಿನ ಮೇಲೆ ಏನೇ ಬರೆದಿರಲಿ. ಮೇಣದಂತೆ ಸಿಲಿಕೋನ್ ಬಳಿದು ಸಂದು ಮುಚ್ಚುವ ಉಪಾಯವನ್ನು ನಾನು ಒಪ್ಪುವುದಿಲ್ಲ. ಒಣಗಿದ ಚೂರು ಎದ್ದು ಒಳಗೆ ಹೋದರೆ ಹೊಸ ತಲೆನೋವು.

ಫಿಲ್ಟರ್ ಸರಿಯಿದ್ದೂ ಧೂಳು ಸಿಕ್ಕರೆ ಮುಚ್ಚಳದ ಸ್ಕ್ರೂಗಳನ್ನು ಎಣಿಸಿ. ಐದಿದ್ದ ಕಡೆ ಮೂರಿರುವುದು ನಮ್ಮ ಊರಿನ ಸಾಮಾನ್ಯ ದೃಶ್ಯ. ಕೆಲವು ಗಾಡಿಗಳಲ್ಲಿ ಡಬ್ಬಿಯ ಶುದ್ಧ ಗಾಳಿಯ ಭಾಗದಿಂದಲೇ ಕೆಳಗೆ ಒಂದು ಸಣ್ಣ ಟ್ಯೂಬು ಇಳಿದಿರುತ್ತದೆ, ತುದಿಗೆ ಬಿರಡೆ ಇರುತ್ತದೆ. ಆ ಬಿರಡೆ ಕಳೆದುಹೋಗಿದ್ದರೆ ಚಕ್ರದ ಧೂಳು ನೇರ ಒಳಕ್ಕೆ. ಹತ್ತು ರೂಪಾಯಿಯ ವಸ್ತು. ಡಬ್ಬಿ ತೆಗೆಸಿ ಶಂಕುವಿನ ಫಿಲ್ಟರ್ ಹಾಕಿಸಿದವರು ಎಂಜಿನ್ನಿನ ಉಸಿರು ಪೈಪು ಏನಾಯಿತೆಂದು ನೋಡಿ. ಅದನ್ನು ಹಾಗೇ ಜೋತುಬಿಟ್ಟಿದ್ದರೆ ಅದಕ್ಕೂ ಒಂದು ಪುಟ್ಟ ಫಿಲ್ಟರ್ ಬೇಕು.

ಜಗಳೂರಿನ ಕಡೆಯ ರೈತರೊಬ್ಬರು ಹೇಳಿದ್ದು ನೆನಪಾಗುತ್ತದೆ: “ಅಣ್ಣ, ವಾರವಾರ ಫಿಲ್ಟರ್ ಊದಿಸುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ. ಆದರೂ ಒಳಗೆ ಧೂಳು ಹೇಗೆ ಬಂತು?” “ಊದಿಸಿದ್ದರಿಂದಲೇ ಬಂತು ಯಜಮಾನರೇ” ಎಂದೆ. ಕಾಗದದ ಫಿಲ್ಟರ್ ಮೇಲೆ ತೆಳುವಾಗಿ ಧೂಳು ಕೂತಾಗ ಅದು ಇನ್ನೂ ಚೆನ್ನಾಗಿ ಸೋಸುತ್ತದೆ. ಆ ಧೂಳಿನ ಪದರವೇ ಎರಡನೆಯ ಜರಡಿಯಾಗುತ್ತದೆ. ಮತ್ತೆ ಮತ್ತೆ ಊದಿದರೆ ಪದರವೂ ಹೋಗುತ್ತದೆ, ಕಾಗದದಲ್ಲಿ ಸೂಜಿಮೊನೆಯ ತೂತುಗಳೂ ಬೀಳುತ್ತವೆ. ಬಿಸಿಲಿಗೆ ಹಿಡಿದು ನೋಡಿದರೆ ಚುಕ್ಕಿ ಚುಕ್ಕಿಯಾಗಿ ಬೆಳಕು ತೂರಿಬರುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ, ನಳಿಕೆಯನ್ನು ದೂರ ಹಿಡಿದು, ಕಣ್ಣಿಗೆ ಕನ್ನಡಕ ಹಾಕಿಕೊಂಡು.

ನೀಲಿ ಹೊಗೆ, ಆಯಿಲ್ ಕಡಿಮೆಯಾಗುತ್ತಿದೆ

ಇಲ್ಲಿಗೆ ನಿಮ್ಮ ಪರೀಕ್ಷೆಗಳನ್ನು ನಿಲ್ಲಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲೋ ಎಕ್ಸಲರೇಟರ್ ಏರಿಸಿದಾಗಲೋ ನೀಲಿ ಹೊಗೆ ಬರುತ್ತಿದ್ದು, ಪ್ಲಗ್ ಎಣ್ಣೆಯಲ್ಲಿ ತೊಯ್ದಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಕಿಕ್ ಇರುವ ಗಾಡಿಯಲ್ಲಿ ಕಾಲಿಗೂ ಗೊತ್ತಾಗುತ್ತದೆ: ಮೊದಲಿನ ಬಿಗಿ ಇರುವುದಿಲ್ಲ. ಎಷ್ಟು ಒಳ್ಳೆಯ ಫಿಲ್ಟರ್ ತಂದರೂ ಸವೆದದ್ದು ತುಂಬಿಕೊಳ್ಳುವುದಿಲ್ಲ. ಕಂಪ್ರೆಷನ್ ಅಳೆಯುವ ಗೇಜ್ ಇರುವ ಮೆಕ್ಯಾನಿಕ್ ಹತ್ತಿರ ಹೋಗಿ, ಅಳತೆ ನೋಡಿದ ಮೇಲೆಯೇ ಎಂಜಿನ್ ಇಳಿಸಲು ಒಪ್ಪಿ. ಬೋರ್ ಮಾಡಿಸಿದರೆ ಅದೇ ದಿನ ಫಿಲ್ಟರಿನ ಅಂಚನ್ನೂ ಪರೀಕ್ಷಿಸಿ. ಧೂಳು ಬಂದ ದಾರಿ ಮುಚ್ಚದೆ ಹೊಸ ರಿಂಗ್ ಹಾಕಿ ಫಲವಿಲ್ಲ.

ಮಳೆಯಲ್ಲಿ ಅಥವಾ ತೊಳೆಸಿದ ಮೇಲೆ ನಿಂತುಹೋಯಿತು

ಫಿಲ್ಟರ್ ಒದ್ದೆಯಾಗಿದೆ. ಮತ್ತೆ ಮತ್ತೆ ಸೆಲ್ಫ್ ಒತ್ತಬೇಡಿ. ಡಬ್ಬಿ ತೆರೆದು ನೀರು ನಿಂತಿದೆಯೇ ನೋಡಿ, ನೆಂದ ಕಾಗದದ ಫಿಲ್ಟರನ್ನು ಬದಲಿಸಿ. ಸೆಲ್ಫ್ ಒತ್ತಿದಾಗ ಎಂಜಿನ್ ತಿರುಗದೆ ಗಪ್ಪೆಂದು ನಿಂತರೆ ಸಿಲಿಂಡರಿನೊಳಗೇ ನೀರು ಸೇರಿರಬಹುದು. ನೀರು ಹಿಚುಕಿದರೆ ಕುಗ್ಗುವ ವಸ್ತುವಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಳ್ಳಿ ಸ್ಟಾರ್ಟ್ ಮಾಡಲು ಹೋಗದೆ ಗಾಡಿಯನ್ನು ಗ್ಯಾರೇಜಿಗೆ ಸಾಗಿಸಿ. ಶಂಕುವಿನ ಫಿಲ್ಟರ್ ಬಯಲಿಗೆ ತೆರೆದುಕೊಂಡಿರುವುದರಿಂದ ಈ ತೊಂದರೆ ಅದಕ್ಕೇ ಹೆಚ್ಚು.

ಎಂಜಿನ್ ದೀಪ ಹೊತ್ತಿಕೊಂಡಿದೆ

2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆ ನಿಯಮ ಜಾರಿಯಾದ ಮೇಲೆ ಸ್ಪ್ಲೆಂಡರ್‌ನಂಥ ಗಾಡಿಗೂ ಕಾರ್ಬ್ಯುರೇಟರಿನ ಬದಲು ಇಂಜೆಕ್ಷನ್ ಬಂದಿದೆ. ಸೈಲೆನ್ಸರಿನ ಆಮ್ಲಜನಕ ಸೆನ್ಸರ್ ನೋಡಿಕೊಂಡು ಕಂಪ್ಯೂಟರು ಪೆಟ್ರೋಲಿನ ಲೆಕ್ಕವನ್ನು ತಾನೇ ಒಂದು ಮಿತಿಯೊಳಗೆ ತಿದ್ದುತ್ತದೆ. ಹೀಗಾಗಿ ಡಬ್ಬಿಯೊಳಗೆ ಕೂರುವ ಸರಿಯಳತೆಯ ಫಿಲ್ಟರಿನಿಂದ ದೀಪ ಹೊತ್ತುವುದು ಅಪರೂಪ. ಹೊತ್ತಿದರೆ ಮೊದಲು ಡಬ್ಬಿಯ ಬಳಿ ಕಳಚಿದ ಸೆನ್ಸರ್ ವೈರ್ ಇದೆಯೇ ನೋಡಿ. ಎಲ್ಲ ಸರಿಯಿದ್ದರೆ ಸ್ಕ್ಯಾನರ್ ಇರುವ ಕಡೆಗೆ ಹೋಗುವುದೊಂದೇ ದಾರಿ. ವೈರ್ ಕತ್ತರಿಸಿ ದೀಪ ಆರಿಸಿಕೊಡುವವರಿಂದ ದೂರವಿರಿ. ವಾರಂಟಿ ಇರುವ ಗಾಡಿಗೆ ಡಬ್ಬಿ ತೆಗೆಸುವ ಮೊದಲು ವಾರಂಟಿ ಪುಸ್ತಕ ಓದಿ.

ಸದ್ದು ಹೆಚ್ಚಾಗಿದೆ, ಶಕ್ತಿಯೂ ಹೆಚ್ಚಾದಂತಿದೆ

ಸದ್ದು ಹೆಚ್ಚಾಗಿದೆ, ಅಷ್ಟೇ. ಡಬ್ಬಿ ಇದ್ದಾಗ ಅಡಗುತ್ತಿದ್ದ ಗಾಳಿಯ ಸದ್ದು ಈಗ ನಿಮ್ಮ ತೊಡೆಯ ಬಳಿಯೇ ಕೇಳುತ್ತಿದೆ. ಜೆಟ್ ಬದಲಿಸದ 100–150 ಸಿಸಿ ಗಾಡಿಯಲ್ಲಿ ಬೇರೆ ವ್ಯತ್ಯಾಸ ಹುಡುಕಬೇಡಿ.

ಹಾಗಾದರೆ ಯಾವುದನ್ನು ಕೊಳ್ಳುವುದು

ನೀವು ಓಡಾಡುವ ದಾರಿಯ ಧೂಳನ್ನು ನೋಡಿ ಕೊಳ್ಳಿ. ಅದಿರು, ಕ್ರಷರ್, ಕಚ್ಚಾ ರಸ್ತೆಯ ನುಣ್ಣನೆಯ ಪುಡಿ ಇರುವ ಕಡೆ ಕಂಪನಿ ಸೂಚಿಸಿದ ಕಾಗದದ ಫಿಲ್ಟರೇ ಸರಿ, ಅಥವಾ ಅದೇ ಅಳತೆಗೆ ಹೆಸರುವಾಸಿ ತಯಾರಕರು ಮಾಡಿದ್ದು. ಕೈಪಿಡಿಯಲ್ಲಿ ಬರೆದ ಕಿಲೋಮೀಟರಿಗಿಂತ ಮೊದಲೇ ಬದಲಿಸಿ. ಹೊಲ, ಕಣ, ರವದಿಯ ದಾರಿಯಾದರೆ, ಮತ್ತು ನಿಮಗೆ ತೊಳೆದು ಎಣ್ಣೆ ಸವರುವ ತಾಳ್ಮೆ ಇದ್ದರೆ, ಎರಡು ಸ್ಪಂಜಿನ ಫಿಲ್ಟರ್ ಇಟ್ಟುಕೊಂಡು ಸರದಿಯಲ್ಲಿ ಹಾಕಬಹುದು, ಆದರೆ ನಿಮ್ಮ ಡಬ್ಬಿಗೆಂದೇ ಮಾಡಿದ್ದು ಸಿಕ್ಕರೆ ಮಾತ್ರ. ಹತ್ತಿಬಟ್ಟೆಯದು ಹೆದ್ದಾರಿಯಲ್ಲಿ ದೂರ ಓಡಿಸುವವರಿಗೆ ಸರಿ. ಶಂಕುವಿನಾಕಾರದ್ದನ್ನು ದುರ್ಗ, ದಾವಣಗೆರೆಯ ದಿನಬಳಕೆಯ ಗಾಡಿಗೆ ನಾನು ಹಾಕಿಕೊಡುವುದಿಲ್ಲ, ಎಷ್ಟು ಕೇಳಿದರೂ.

ಹೆಚ್ಚು ಗಾಳಿ ಬಿಡುತ್ತದೆ ಎಂದು ಜಾಹೀರಾತು ಹೇಳಿದರೆ ಎಷ್ಟು ಧೂಳು ಹಿಡಿಯುತ್ತದೆ ಎಂದು ಕೇಳಿ. ಐಎಸ್ಒ 5011 ಎಂಬ ಅಂತರರಾಷ್ಟ್ರೀಯ ಪರೀಕ್ಷಾ ಪದ್ಧತಿ ಇರುವುದೇ ಇದಕ್ಕೆ. ಆ ಅಂಕಿ ಪ್ಯಾಕೆಟ್ಟಿನಲ್ಲೋ ತಯಾರಕರ ಮಾಹಿತಿಯಲ್ಲೋ ಇದ್ದರೆ ಒಳ್ಳೆಯ ಗುರುತು. ಕಂಪನಿಯದೇ ಎಂದು ಮಾರುವ ನಕಲಿಗಳೂ ಇವೆ. ಪಾರ್ಟ್ ನಂಬರ್, ಎಂಆರ್‌ಪಿ, ತಯಾರಾದ ತಿಂಗಳು ಅಚ್ಚಾಗಿರುವ ರೀತಿ ನೋಡಿ, ಬಿಲ್ ಕೇಳಿ.

ಅಂಗಡಿಗೆ ಹೋಗುವಾಗ ಹಳೆಯ ಫಿಲ್ಟರನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ. ಎರಡನ್ನೂ ಗಾಜಿನ ಕೌಂಟರಿನ ಮೇಲೆ ಅಕ್ಕಪಕ್ಕ ನಿಲ್ಲಿಸಿ ಎತ್ತರ ಹೋಲಿಸಿ, ಹೊಸದರ ರಬ್ಬರ್ ಅಂಚನ್ನು ಉಗುರಿನಿಂದ ಒತ್ತಿ. ಒತ್ತಿದ ಗುಳಿ ಮೆಲ್ಲಗೆ ಮೇಲೆ ಬರಬೇಕು. ಪ್ಲಾಸ್ಟಿಕ್ಕಿನಂತೆ ಗಡುಸಾಗಿದ್ದರೆ, ಅಥವಾ ಮಡಿಕೆಗಳು ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ವಿರಳವಾಗಿದ್ದರೆ, ಅಲ್ಲಿಯೇ ವಾಪಸ್ ಕೊಟ್ಟು ಇನ್ನೊಂದನ್ನು ತೆಗೆಸಿ.